ಮುಸಾಫಿರನೂ ಪಾವ್ಣೇರೂ: ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಹಳೆ ಮನೆಗಳಲ್ಲಿ ತಂಗುವವರು ತಿಳಿದಿರಬೇಕಾದ್ದು

ನಮ್ಮ ಹುಡುಗರು ಈಗ ಊರೂರು ತಿರುಗುವವರು. ಕೆಲವರು ವ್ಯಾಪಾರಕ್ಕೆ, ಕೆಲವರು ಲಾರಿ-ಟೆಂಪೋ ಹಿಡಿದು, ಇನ್ನು ಕೆಲವರು ಕಲಬುರಗಿಯ ಉರೂಸಿಗೆಂದು ಹೊರಟು ಅಲ್ಲಿಂದ ಬೀದರ್, ಸೊಲ್ಲಾಪುರ ಅಂತ ಮುಂದೆ ಹೋಗುವವರು. ಹಾಗೆ ಹೋಗುವವರಿಗೆ ಗಡಿ ದಾಟಿದ ಕೂಡಲೇ ಸಿಗುವ ಪಟ್ಟಣಗಳು ಉಮರ್ಗಾ, ನಿಲಂಗಾ ಮತ್ತು ಉದಗೀರ. ಮಹಾರಾಷ್ಟ್ರದ ಮರಾಠವಾಡ ವಿಭಾಗದಲ್ಲಿರುವ ಈ ಸೀಮೆಯಲ್ಲಿ ದಖನಿ ಉರ್ದು, ಮರಾಠಿ, ಕನ್ನಡ ಮೂರೂ ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ದೊಡ್ಡ ಹೋಟೆಲುಗಳು ಇಲ್ಲಿ ಕಡಿಮೆ. ಲಾಡ್ಜ್, ದರ್ಗಾದ ಮುಸಾಫಿರ್‌ಖಾನೆ, ಧರ್ಮಶಾಲೆ, ಸರಕಾರಿ ಪ್ರವಾಸಿ ಮಂದಿರ, ಇಲ್ಲವೇ ಪರಿಚಯದವರ ಹಳೆ ವಾಡೆ, ಹೀಗೆ ತಂಗುವ ಜಾಗ ಬಗೆಬಗೆಯದು.

ಹಳೆ ಮನೆಯಲ್ಲಿ ಮಲಗಲು ಕೋಣೆ, ಬೆಳಿಗ್ಗೆ ನಾಷ್ಟಾ ಕೊಡುವ ಪದ್ಧತಿಗೆ ಈಗ ‘ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್’ ಎಂಬ ಹೆಸರಿದೆ. ಹೆಸರು ಹೊಸದು, ಪದ್ಧತಿ ಹಳೆಯದು. ಅಂಥ ಜಾಗದಲ್ಲಿ ಅತಿಥಿ ಏನು ನಿರೀಕ್ಷಿಸಬಹುದು, ಏನು ನಿರೀಕ್ಷಿಸಬಾರದು, ಮನೆಯವರ ಹೊಣೆ ಯಾವುದು, ಕಾನೂನು ಏನು ಹೇಳುತ್ತದೆ ಎಂಬುದನ್ನು ಒಂದೇ ಕಡೆ ಕೊಡುವುದು ಈ ಲೇಖನದ ಉದ್ದೇಶ. ಮುಂದೆ ನಮ್ಮ ಕರಾವಳಿಯ ಹಳೆ ಮನೆಯನ್ನೇ ಹೋಂಸ್ಟೇ ಮಾಡೋಣ ಎಂದು ಯೋಚಿಸುವ ಯುವಕರಿಗೂ ಇದು ಉಪಯೋಗಕ್ಕೆ ಬರಬಹುದು.

ಈ ಸೀಮೆ ಯಾರದ್ದು?

ಬೀದರ್ ಪಟ್ಟಣದಲ್ಲಿ ಇವತ್ತಿಗೂ ‘ಉದಗೀರ್ ರಸ್ತೆ’ ಇದೆ. ಅದು ಬರೀ ಹೆಸರಲ್ಲ. ಹೈದರಾಬಾದ್ ನಿಜಾಮರ ಆಡಳಿತದಲ್ಲಿ ಉದಗೀರ ಮತ್ತು ನಿಲಂಗಾ ಬೀದರ್ ಜಿಲ್ಲೆಗೇ ಸೇರಿದ್ದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹ್ಮದ್‌ಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಕಡೆಯ ಭಾಗ ಆಂಧ್ರಕ್ಕೆ ಹೋದವು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವಾಯಿತು. 1982ರ ಆಗಸ್ಟ್‌ನಲ್ಲಿ ಲಾತೂರ್ ಜಿಲ್ಲೆ ಹುಟ್ಟಿದಾಗ ಉದಗೀರ, ನಿಲಂಗಾ ಅದಕ್ಕೆ ಸೇರಿದವು. ಉಮರ್ಗಾ ಹಳೆ ಜಿಲ್ಲೆಯಲ್ಲೇ ಉಳಿಯಿತು. ಆ ಜಿಲ್ಲೆಗೆ ಈಗ ಧಾರಾಶಿವ್ ಎಂಬ ಹೆಸರು.

ಹಾಗಾಗಿ ಇಲ್ಲಿನ ಎಷ್ಟೋ ಮನೆಗಳಲ್ಲಿ ಸೊಸೆ ಬೀದರಿನವಳು, ಅಳಿಯ ಬಸವಕಲ್ಯಾಣದವನು. ಗಡಿಯ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ದಖನಿ. ಮನೆಗೆ ಬಂದವರನ್ನು ಮರಾಠಿಯಲ್ಲಿ ‘ಪಾಹುಣೆ’ ಅನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದವರು ಅದನ್ನೇ ‘ಪಾವ್ಣೇರು’ ಅಂತಾರೆ. ಮುಸ್ಲಿಂ ಮನೆಯಲ್ಲಿ ‘ಮೆಹಮಾನ್’. ಮೂರರಲ್ಲಿ ಯಾವ ಹೆಸರಿನಿಂದ ಕರೆದರೂ ಮೊದಲು ಕೈಗೆ ಬರುವುದು ಒಂದು ತಂಬಿಗೆ ನೀರು. ಹಳೆಯ ಮನೆಗಳಲ್ಲಿ ಜೊತೆಗೆ ಒಂದು ಚೂರು ಬೆಲ್ಲವೂ ಬರುತ್ತದೆ.

ತಂಗುದಾಣಗಳ ಹಳೆ ಹೆಸರುಗಳು

ಈ ದಾರಿಗಳಲ್ಲಿ ಪ್ರಯಾಣಿಕರಿಗೆ ಆಸರೆ ಕೊಟ್ಟ ಜಾಗಗಳು ನಾಲ್ಕೈದು ಬಗೆಯವು. ಪ್ರತಿಯೊಂದರ ನಿಯಮ ಬೇರೆ ಬೇರೆ. ಅದು ಗೊತ್ತಿಲ್ಲದೆ ಹೋದರೆ ಮನಸ್ತಾಪ ಖಂಡಿತ.

ಸರಾಯಿ: ವ್ಯಾಪಾರಿಗಳು, ಅವರ ಎತ್ತು-ಕುದುರೆಗಳು ರಾತ್ರಿ ಉಳಿಯುತ್ತಿದ್ದ ಜಾಗ. ಬ್ರಿಟಿಷ್ ಭಾರತದಲ್ಲಿ ಇದಕ್ಕೆಂದೇ 1867ರಲ್ಲಿ ಸರಾಯಿ ಕಾಯ್ದೆ ಬಂತು. ಸರಾಯಿ ನೋಂದಾಯಿಸಬೇಕು, ಸ್ವಚ್ಛವಾಗಿಡಬೇಕು, ರಿಪೇರಿ ಮಾಡಿಸುತ್ತಿರಬೇಕು, ಕಾವಲುಗಾರರನ್ನು ಇಡಬೇಕು, ಬಾಡಿಗೆ ಪಟ್ಟಿಯನ್ನು ಕಾಣುವ ಹಾಗೆ ತೂಗುಹಾಕಬೇಕು, ಅಂಟುರೋಗ ಕಂಡರೆ ತಿಳಿಸಬೇಕು ಎಂದು ಅದು ಹೇಳಿತು. ನಿಜಾಮರ ಸೀಮೆ ಬೇರೆ ಆಡಳಿತದಲ್ಲಿತ್ತು, ಆದರೆ ಒಳ್ಳೆಯ ತಂಗುದಾಣಕ್ಕೆ ಬೇಕಾದ ಈ ಪಟ್ಟಿ ಇವತ್ತಿಗೂ ಹಳತಾಗಿಲ್ಲ.

ಮುಸಾಫಿರ್‌ಖಾನೆ: ದರ್ಗಾ, ಮಸೀದಿಗೆ ಹೊಂದಿಕೊಂಡಿರುತ್ತದೆ. ಬಾಡಿಗೆ ಇಲ್ಲ ಅಥವಾ ಹೆಸರಿಗಷ್ಟೇ. ಚಾಪೆ, ನೀರು, ಮೇಲೊಂದು ಸೂರು, ಇಷ್ಟೇ ಇದರ ಭರವಸೆ. ಕಲಬುರಗಿಯ ಖ್ವಾಜಾ ಬಂದೇನವಾಝ್ (ವಫಾತ್ 1422) ಅವರ ದರ್ಗಾಕ್ಕೂ, ಕಲಬುರಗಿ-ಉಮರ್ಗಾ ದಾರಿಯಲ್ಲಿರುವ ಆಳಂದದ ಲಾಡ್ಲೆ ಮಶಾಯಖ್ ದರ್ಗಾಕ್ಕೂ ಬರುವ ಜನರಲ್ಲಿ ಎಲ್ಲ ಧರ್ಮದವರೂ ಇದ್ದಾರೆ.

ಧರ್ಮಶಾಲೆ, ದಾಸೋಹ, ಲಂಗರ್: ತುಳಜಾಪುರದ ಯಾತ್ರಿಕರಿಗೆ ಧರ್ಮಶಾಲೆಗಳು. ಉಮರ್ಗಾಕ್ಕೆ ಹತ್ತಿರದ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಬಸವಣ್ಣನವರು ನಡೆಸಿದ ಮಹಾಮನೆ ಬಂದವರಿಗೆ ಅನ್ನ ನೀಡಿದ ಮನೆ. ದಾಸೋಹ ಎಂಬ ಮಾತು ಅಲ್ಲಿಂದ ಇಡೀ ನಾಡಿಗೆ ಹರಡಿತು. ಬೀದರಿನ ಗುರುನಾನಕ್ ಝೀರಾ ಗುರುದ್ವಾರದಲ್ಲಿ ಲಂಗರಿನ ಊಟಕ್ಕೆ ಜಾತಿ-ಧರ್ಮ ಕೇಳುವುದಿಲ್ಲ. ತಲೆಗೆ ಬಟ್ಟೆ ಕಟ್ಟಿ ಸಾಲಿನಲ್ಲಿ ಕೂರುವುದಷ್ಟೇ ನಿಯಮ.

ಪ್ರವಾಸಿ ಮಂದಿರ: ಬ್ರಿಟಿಷರ, ನಿಜಾಮರ ಕಾಲದ ಅಧಿಕಾರಿಗಳು ದೌರಕ್ಕೆ ಬಂದಾಗ ಉಳಿಯಲೆಂದು ಕಟ್ಟಿದ ಬಂಗಲೆಗಳ ಮುಂದುವರಿಕೆ. ಉಮರ್ಗಾದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ನಳದುರ್ಗದಲ್ಲಿ 1853ರ ನಂತರ ಕೆಲವು ವರ್ಷ ಅಧಿಕಾರಿಯಾಗಿದ್ದವನು ಮೆಡೋಸ್ ಟೇಲರ್. ಅದಕ್ಕೂ ಮುಂಚೆ ಅವನು ಸುರಪುರದಲ್ಲಿದ್ದಾಗ ಕಟ್ಟಿಸಿದ ಬಂಗಲೆ ‘ಟೇಲರ್ ಮಂಜಿಲ್’ ಮುಂದೆ ಸರಕಾರಿ ಪ್ರವಾಸಿ ಮಂದಿರವಾಗಿ ಬಳಕೆಗೆ ಬಂತು. ಚರಿತ್ರೆ ಇರುವ ಮನೆಯಲ್ಲಿ ಒಂದು ರಾತ್ರಿ ಉಳಿಯುವುದು ಎಂದರೆ ಹೇಗಿರುತ್ತದೆ ಎಂಬುದಕ್ಕೆ ಕನ್ನಡ ನಾಡಿನಲ್ಲಿರುವ ಒಳ್ಳೆಯ ಉದಾಹರಣೆ ಅದು. ಪ್ರವಾಸಿ ಮಂದಿರಗಳಲ್ಲಿ ಸರಕಾರಿ ಕೆಲಸದವರಿಗೆ ಮೊದಲ ಆದ್ಯತೆ. ನೀವು ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದರೂ ಸಾಹೇಬರು ಬಂದರೆ ಕೋಣೆ ಬಿಡಬೇಕಾಗಬಹುದು. ಅದನ್ನು ತಿಳಿದೇ ಹೋಗಬೇಕು.

ವಾಡೆ, ಗಢಿ: ದೇಶಮುಖ, ಪಾಟೀಲ, ಜಾಗೀರದಾರ ಮನೆತನಗಳ ದೊಡ್ಡ ಮನೆಗಳು. ಎತ್ತರದ ಬಾಗಿಲು, ಬಾಗಿಲಿನ ಪಕ್ಕ ಕಾವಲಿನವರು ಕೂರುವ ದೇವಡಿ, ನಡುವೆ ತೆರೆದ ಚೌಕ, ಸುತ್ತ ಓಸರಿ ಅಂದರೆ ನಮ್ಮ ಪಡಸಾಲೆ. ಗೋಡೆ ಕಲ್ಲಿನದು, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದರೂ ಒಳಗೆ ತಂಪು.

ಮೂರು ದಿನದ ಹಕ್ಕು

ಅತಿಥಿಗೆ ಒಂದು ಹಗಲು-ರಾತ್ರಿ ವಿಶೇಷ ಸತ್ಕಾರ, ಒಟ್ಟು ಮೂರು ದಿನ ಆತಿಥ್ಯ, ಅದರ ಮೇಲೆ ಮಾಡಿದ್ದು ಸದಕಾ. ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿರುವ ಈ ಹದೀಸಿನ ಸಾರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಅದರ ಎರಡನೇ ಅರ್ಧ ಮಾತ್ರ ಮರೆತುಹೋಗುತ್ತದೆ: ಮನೆಯವರಿಗೆ ಕಷ್ಟವಾಗುವಷ್ಟು ದಿನ ಅತಿಥಿ ಅಲ್ಲೇ ಉಳಿಯುವುದು ಸರಿಯಲ್ಲ. ಅಂದರೆ ಹಕ್ಕು ಅತಿಥಿಯದ್ದು, ಮಿತಿಯೂ ಅತಿಥಿಗೇ.

ಈ ಮೂರು ದಿನದ ಲೆಕ್ಕ ನಮ್ಮ ಊರಿನ ಚರಿತ್ರೆಯಲ್ಲೂ ಕಾಣುತ್ತದೆ. 14ನೇ ಶತಮಾನದಲ್ಲಿ ಕರಾವಳಿಗೆ ಬಂದ ಇಬ್ನ್ ಬತೂತಾ ಮಂಜರೂರು ಅಂದರೆ ಮಂಗಳೂರಿನ ಬಗ್ಗೆ ಬರೆದಿದ್ದಾನೆ. ಅಲ್ಲಿ ಸುಮಾರು 4,000 ಮುಸ್ಲಿಮರು ಇದ್ದರು ಎನ್ನುತ್ತಾನೆ. ಊರಿನ ಖಾಝಿಯೇ ಹಡಗಿಗೆ ಬಂದು ಕರೆದರೂ ಅರಸ ತನ್ನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳಿಸುವ ತನಕ ಇವನು ಇಳಿಯಲಿಲ್ಲ. ಕೊನೆಗೆ ಇಳಿದು ಮೂರು ದಿನ ಆತಿಥ್ಯ ಪಡೆದ. ಮಲಬಾರಿನ ದಾರಿಯುದ್ದಕ್ಕೂ ಅರ್ಧರ್ಧ ಮೈಲಿಗೊಂದು ಮರದ ತಂಗುದಾಣ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ ಇದ್ದುದನ್ನೂ ಅವನು ದಾಖಲಿಸಿದ್ದಾನೆ. ಆ ಕಾಲದ ಪಂಕ್ತಿಭೇದವನ್ನೂ ಅವನು ಮುಚ್ಚಿಟ್ಟಿಲ್ಲ. ಮುಸ್ಲಿಂ ಪ್ರಯಾಣಿಕನಿಗೆ ನೀರನ್ನು ಕೈಗೆ ಸುರಿಯುತ್ತಿದ್ದರು, ಪಾತ್ರೆ ಕೊಡುತ್ತಿರಲಿಲ್ಲ. ಮುಸ್ಲಿಮರ ಮನೆಗಳು ಇಲ್ಲದಿದ್ದರೆ ಮುಸ್ಲಿಂ ಪ್ರಯಾಣಿಕ ಆ ದಾರಿಯಲ್ಲಿ ಹೋಗುವುದೇ ಕಷ್ಟವಿತ್ತು. ಆತಿಥ್ಯ ಎಂದರೆ ಬರೀ ಬಿರಿಯಾನಿ ಅಲ್ಲ ಎಂದು ಅರ್ಥವಾಗಲು ಇದೊಂದೇ ಸಾಕು. ಪರಊರಿನಲ್ಲಿ ತಲೆ ಇಡಲು ಜಾಗ ಸಿಗುತ್ತದೋ ಇಲ್ಲವೋ ಎಂಬುದು ಮನುಷ್ಯನ ಮಾನದ ಪ್ರಶ್ನೆ.

ಇವತ್ತಿನ ‘ನಿವಾಸ-ನ್ಯಾಹಾರಿ’

ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್ ಎಂದರೆ ಮನೆಯವರು ವಾಸವಿರುವ ಮನೆಯಲ್ಲೇ ಕೆಲವು ಕೋಣೆಗಳನ್ನು ಬಾಡಿಗೆಗೆ ಕೊಡುವುದು. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಒಂದರಿಂದ ಆರು ಕೋಣೆಗಳವರೆಗೆ ನೋಂದಾಯಿಸಬಹುದು. ಮಾಲಕರು ಕುಟುಂಬ ಸಮೇತ ಅಲ್ಲೇ ಇರಬೇಕು. ಸೌಕರ್ಯ ನೋಡಿ ಗೋಲ್ಡ್, ಸಿಲ್ವರ್ ಎಂದು ದರ್ಜೆ ಕೊಡುತ್ತಾರೆ. ಮಹಾರಾಷ್ಟ್ರದ ಪ್ರವಾಸೋದ್ಯಮ ನಿಗಮ ಇದನ್ನೇ ‘ನಿವಾಸ ವ ನ್ಯಾಹಾರಿ’ ಯೋಜನೆ ಎಂದು ಕರೆಯುತ್ತದೆ. ನ್ಯಾಹಾರಿ ಅಂದರೆ ಮರಾಠಿಯಲ್ಲಿ ಬೆಳಗಿನ ತಿಂಡಿ. ನಮ್ಮವರಿಗೆ ಗೊತ್ತಿರುವ ನಿಹಾರಿಯೂ ಬೆಳಗಿನ ಊಟವೇ. ಅರಬಿಯಲ್ಲಿ ನಹಾರ್ ಎಂದರೆ ಹಗಲು.

ಕೋಟೆ, ಹವೇಲಿ, ಅರಮನೆಗಳನ್ನು ಹೋಟೆಲ್ ಮಾಡಿದರೆ ಅದು ಬೇರೆ ವರ್ಗ. ಸರಕಾರದ ‘ಹೆರಿಟೇಜ್ ಹೋಟೆಲ್’ ಮಾನ್ಯತೆಗೆ ಕಟ್ಟಡ 1950ಕ್ಕಿಂತ ಹಿಂದಿನದ್ದಾಗಿರಬೇಕು. ಬುಕ್ಕಿಂಗ್ ಆ್ಯಪ್‌ನಲ್ಲಿ ‘ಹೆರಿಟೇಜ್’ ಅಂತ ಬರೆದ ಮಾತ್ರಕ್ಕೆ ಅದು ಮಾನ್ಯತೆ ಪಡೆದದ್ದು ಎಂದು ತಿಳಿಯಬೇಡಿ. ನೋಂದಣಿ ಇದೆಯಾ ಅಂತ ಕೇಳಿದರೆ ತಪ್ಪೇನಿಲ್ಲ. ಸರಿಯಾಗಿ ನಡೆಸುವವರು ತೋರಿಸುತ್ತಾರೆ.

ಅತಿಥಿ ಕೇಳಬಹುದಾದ್ದು, ಕೇಳಬಾರದ್ದು

ಹಣ ಕೊಟ್ಟು ಉಳಿಯುವ ಅತಿಥಿಗೆ ಇಷ್ಟು ಸಿಗಲೇಬೇಕು: ಒಗೆದ ಹಾಸಿಗೆ-ಹೊದಿಕೆ, ಒಳಗಿನಿಂದ ಚಿಲಕ ಹಾಕುವ ಬಾಗಿಲು, ಸ್ವಚ್ಛ ಶೌಚಾಲಯ, ಕುಡಿಯುವ ನೀರು, ಹೇಳಿದ ಹೊತ್ತಿಗೆ ತಿಂಡಿ, ಮೊದಲೇ ಹೇಳಿದ ಬಾಡಿಗೆ. ಹೆಂಗಸರು ಜೊತೆಗಿದ್ದರೆ ಶೌಚಾಲಯ ಕೋಣೆಗೆ ಹೊಂದಿಕೊಂಡಿದೆಯೋ ಚೌಕ ದಾಟಿ ಹೋಗಬೇಕೋ ಎಂದು ಮೊದಲೇ ಕೇಳಿ. ಹಳೆ ವಾಡೆಗಳಲ್ಲಿ ಅದು ಹೆಚ್ಚಾಗಿ ಹಿತ್ತಲಲ್ಲೇ ಇರುತ್ತದೆ.

ಇವು ಸಿಗದಿದ್ದರೆ ಬೇಸರ ಮಾಡಿಕೊಳ್ಳಬೇಡಿ: ಲಿಫ್ಟ್, ರಾತ್ರಿ 12ಕ್ಕೆ ಚಹಾ, ಎಲ್ಲ ಕೋಣೆಗೂ ಎಸಿ, ಗೋಡೆಯ ಆಚೆಯ ಮಾತು ಕೇಳಿಸದಷ್ಟು ನಿಶ್ಶಬ್ದ. ಹಳೆ ಮನೆಯ ಬಾಗಿಲು ಗಿಡ್ಡ, ತಲೆ ಬಗ್ಗಿಸಿ ಹೋಗಬೇಕು. ಮೆಟ್ಟಿಲು ಕಡಿದು, ವಯಸ್ಸಾದ ಉಮ್ಮ-ಬಾಪ ಜೊತೆಗಿದ್ದರೆ ಕೆಳಗಿನ ಕೋಣೆಯನ್ನೇ ಕೇಳಿ. ಚಪ್ಪಲಿ ಎಲ್ಲಿ ಬಿಡಬೇಕು, ಯಾವ ಬಾಗಿಲು ಮನೆಯವರದ್ದು ಎಂದು ಬಂದ ಕೂಡಲೇ ಕೇಳಿಕೊಳ್ಳಿ. ಅನುಮತಿ ಇಲ್ಲದೆ ಮತ್ತೊಬ್ಬರ ಮನೆಯೊಳಗೆ ಕಾಲಿಡಬಾರದು, ಹಿಂದಿರುಗಿ ಎಂದರೆ ಹಿಂದಿರುಗಬೇಕು ಎಂಬುದು ಸೂರಾ ನೂರ್ ಕಲಿಸುವ ಅದಬು. ಬಾಡಿಗೆ ಕೊಟ್ಟದ್ದು ಕೋಣೆಗೆ, ಅಡುಗೆ ಮನೆಗೂ ಝನಾನಾಕ್ಕೂ ಅಲ್ಲ. ಮೊಬೈಲಿನಲ್ಲಿ ವೀಡಿಯೊ ಮಾಡುವಾಗಲೂ ಅಷ್ಟೇ. ಹಳೆ ಕಂಬದ ರೀಲ್ಸ್ ತೆಗೆಯಿರಿ, ಮನೆಯ ಹೆಂಗಸರು ಅದರಲ್ಲಿ ಬಾರದ ಹಾಗೆ ನೋಡಿಕೊಳ್ಳಿ.

ಮಾತಿನ ಮರ್ಯಾದೆ ಬಗ್ಗೆಯೂ ಒಂದು ಮಾತು. ಇಲ್ಲಿನ ಗಡಿ ಕನ್ನಡದಲ್ಲಿ ‘ಬರ್ರಿ, ಕೂಡ್ರಿ, ಚಾ ಕುಡೀರಿ’ ಎನ್ನುತ್ತಾರೆ. ಕರಾವಳಿಯವರ ಕಿವಿಗೆ ಒರಟು ಅನ್ನಿಸಬಹುದು, ಆದರೆ ಆ ‘ರಿ’ಯಲ್ಲೇ ಗೌರವ ಇದೆ. ಹಿರಿಯರನ್ನು ಮುಸ್ಲಿಂ ಮನೆಯಲ್ಲಿ ಚಾಚಾ, ಖಾಲಾ ಎಂದೂ, ಮರಾಠಿ ಮನೆಯಲ್ಲಿ ಕಾಕಾ, ಮಾವಶಿ ಎಂದೂ ಕರೆದರೆ ಅರ್ಧ ಕೆಲಸ ಆದ ಹಾಗೆ.

ತಟ್ಟೆಯಲ್ಲಿ ಏನಿರುತ್ತದೆ

ಬೆಳಿಗ್ಗೆ ಪೋಹೆ (ನಮ್ಮ ಅವಲಕ್ಕಿ ಒಗ್ಗರಣೆ), ಚುರುಮುರಿಯನ್ನು ನೆನೆಸಿ ಒಗ್ಗರಣೆ ಹಾಕಿದ ಸುಸಲ (ಲಾತೂರ್ ಕಡೆ ಸುಶೀಲಾ ಅಂತಲೂ ಅಂತಾರೆ), ಜೋಳದ ಭಾಕ್ರಿ, ಕಡಲೆ ಹಿಟ್ಟಿನ ಪಿಠಲೆ, ಶೇಂಗಾ ಚಟ್ನಿ. ದಖನಿ ಮನೆಗಳಲ್ಲಿ ಖಿಚಡಿ, ಖೀಮಾ, ಜೊತೆಗೆ ಹುಳಿಯ ಖಟ್ಟಾ. ಪತ್ತಿರ್, ತೆಂಗಿನ ಹಾಲು, ಮೀನು ಹುಡುಕಬೇಡಿ. ಸಮುದ್ರ ಇಲ್ಲಿಂದ ಬಹಳ ದೂರ.

ಹಲಾಲ್ ವಿಷಯದಲ್ಲಿ ಮುಜುಗರ ಬೇಡ, ಜಗಳವೂ ಬೇಡ. ಮುಸ್ಲಿಮೇತರ ಮನೆಯಲ್ಲಿ ಉಳಿದಿದ್ದರೆ ‘ನಮಗೆ ಸಸ್ಯಾಹಾರ, ಮೊಟ್ಟೆ ಸಾಕು’ ಎಂದು ಹಿಂದಿನ ದಿನವೇ ಹೇಳಿದರೆ ಎರಡೂ ಕಡೆ ನೆಮ್ಮದಿ. ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳಿಗೆ ಹೊರಗಿನ ಮಾಂಸದ ಪಾರ್ಸೆಲ್ ತರಬಾರದು. ಮಹಾರಾಷ್ಟ್ರದಲ್ಲಿ 2015ರಿಂದ ಹಸುವಿನ ಜೊತೆ ಎತ್ತು, ಹೋರಿಗಳ ವಧೆಗೂ ನಿಷೇಧ ಇದೆ. ಹಾಗಾಗಿ ಇಲ್ಲಿ ಆ ಬಗ್ಗೆ ತಮಾಷೆಗೂ ಕೇಳಬೇಡಿ. ನಿಮ್ಮ ಒಂದು ಮಾತಿನಿಂದ ಮನೆಯವರು ತೊಂದರೆಗೆ ಸಿಲುಕಬಾರದು.

ನಮಾಝಿಗೆ ಜಾಗ ಕೇಳಿದರೆ ಹೆಚ್ಚಿನವರು ಸಂತೋಷದಿಂದ ತೋರಿಸುತ್ತಾರೆ. ಚಾದರ ನಿಮ್ಮದೇ ಇರಲಿ. ಕಿಬ್ಲಾ ಇಲ್ಲಿಂದ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ. ಫಜ್ರ್‌ಗೆ ಅಲಾರಂ ಇಡುವವರು ಪಕ್ಕದ ಕೋಣೆಯವರನ್ನೂ ನೆನಪಿಟ್ಟುಕೊಳ್ಳಿ.

ನೀರು: ಇಲ್ಲಿನ ನಿಜವಾದ ಸತ್ಕಾರ

ನೇತ್ರಾವತಿ ದಡದಲ್ಲಿ ಬೆಳೆದ ನಮಗೆ ಮರಾಠವಾಡದ ನೀರಿನ ಕಷ್ಟ ಸುಲಭಕ್ಕೆ ಅರ್ಥವಾಗುವುದಿಲ್ಲ. 2016ರ ಬೇಸಿಗೆಯಲ್ಲಿ ಮಾಂಜ್ರಾ ಜಲಾಶಯ ಬತ್ತಿ, ಲಾತೂರ್ ನಗರಕ್ಕೆ ರೈಲಿನಲ್ಲಿ ನೀರು ತರಿಸಬೇಕಾಯಿತು. ಏಪ್ರಿಲ್‌ನಲ್ಲಿ ಮೀರಜ್‌ನಿಂದ ಬಂದ ಮೊದಲ ರೈಲಿನಲ್ಲಿ 10 ವ್ಯಾಗನ್, ಒಟ್ಟು 5 ಲಕ್ಷ ಲೀಟರ್ ನೀರು ಇತ್ತು. ಅಂಥ ಜಿಲ್ಲೆಯ ಮನೆಯಲ್ಲಿ ನಿಮ್ಮ ಕೈಗೆ ಬಂದ ಒಂದು ತಂಬಿಗೆ ನೀರಿನ ಬೆಲೆ ಎಷ್ಟು ಎಂದು ಯೋಚಿಸಿ.

ಆದ್ದರಿಂದ ಶವರ್ ಬಿಟ್ಟುಕೊಂಡು ಅರ್ಧ ಗಂಟೆ ನಿಲ್ಲುವುದು ಇಲ್ಲಿ ಅವಮರ್ಯಾದೆ. ಬಕೆಟ್-ಚೊಂಬಿನಲ್ಲಿ ಸ್ನಾನ ಮುಗಿಸಿ. ವುಝೂ ಮಾಡುವಾಗ ನಲ್ಲಿ ಪೂರ್ತಿ ತಿರುಗಿಸಬೇಡಿ. ಹರಿಯುವ ನದಿಯ ದಡದಲ್ಲಿದ್ದರೂ ನೀರು ಪೋಲು ಮಾಡಬಾರದು ಎಂದು ಮದ್ರಸದಲ್ಲಿ ಕಲಿತದ್ದು ಪ್ರಯೋಗಕ್ಕೆ ಬರುವುದು ಇಂಥಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ ಹೋಗುವುದಾದರೆ ನೀರಿನ ವ್ಯವಸ್ಥೆ ಹೇಗೆ, ಟ್ಯಾಂಕರ್ ಬರುತ್ತದಾ ಎಂದು ಬುಕ್ ಮಾಡುವಾಗಲೇ ಕೇಳಿ. ನವೆಂಬರ್‌ನಿಂದ ಫೆಬ್ರವರಿ ಹೋಗಲು ಒಳ್ಳೆಯ ಕಾಲ.

ಗೋಡೆಯನ್ನೂ ನೋಡಿ

ಈ ಸೀಮೆಯಲ್ಲಿ ಹಳೆ ಮನೆ ಎಂದ ಕೂಡಲೇ ಮರೆಯಬಾರದ ದಿನ 1993ರ ಸೆಪ್ಟೆಂಬರ್ 30. ಗಣಪತಿ ಬಿಟ್ಟು ಬಂದು ಜನ ಮಲಗಿದ್ದ ರಾತ್ರಿ, ನಸುಕಿನ 4 ಗಂಟೆಗೆ ಸ್ವಲ್ಪ ಮುಂಚೆ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಔಸಾ, ನಿಲಂಗಾ, ಉಮರ್ಗಾ ತಾಲೂಕುಗಳ ಹಳ್ಳಿಗಳು ನೆಲಸಮವಾದವು. ಎಂಟರಿಂದ ಹತ್ತು ಸಾವಿರದಷ್ಟು ಜನ ತೀರಿಹೋದರು. ಕಂಪನದ ಪ್ರಮಾಣ 6.2ರ ಆಸುಪಾಸು. ಇಷ್ಟು ಸಾವಿಗೆ ಕಾರಣ ಕಂಪನವೊಂದೇ ಅಲ್ಲ, ಮನೆಯ ರಚನೆ. ಮಣ್ಣಿನ ಗಾರೆಯಲ್ಲಿ ಜೋಡಿಸಿದ ದಪ್ಪ ಕಾಡುಗಲ್ಲಿನ ಗೋಡೆ. ಗೋಡೆಯ ಒಳಮುಖ-ಹೊರಮುಖ ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಇಲ್ಲ. ತಲೆಯ ಮೇಲೆ ವರ್ಷವರ್ಷ ಸೇರಿಸಿದ ಮಣ್ಣಿನ ಮಾಳಿಗೆಯ ಭಾರ. ಗೋಡೆ ಸೀಳಿತು, ಮಾಳಿಗೆ ಮಲಗಿದವರ ಮೇಲೆ ಬಿತ್ತು. ಮರದ ಕಂಬ-ತೊಲೆಗಳ ಮೇಲೆ ಮಾಳಿಗೆ ನಿಂತಿದ್ದ ಅಂಕಣದ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ಉಳಿದ ಉದಾಹರಣೆಗಳಿವೆ. ಆಮೇಲೆ ವಿಶ್ವಬ್ಯಾಂಕಿನ ನೆರವಿನ ಪುನರ್ವಸತಿಯಲ್ಲಿ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಲಾಯಿತು.

ಹಾಗಾದರೆ ಹಳೆ ವಾಡೆಯಲ್ಲಿ ಮಲಗುವುದೇ ಬೇಡವಾ? ಹಾಗೇನಿಲ್ಲ. ಕೋಣೆ ಒಪ್ಪುವ ಮೊದಲು ಐದು ನಿಮಿಷ ಈ ವಿಷಯ ನೋಡಿ:

- ಗೋಡೆ ಹೊಟ್ಟೆ ಬಿಟ್ಟ ಹಾಗೆ ಉಬ್ಬಿದೆಯಾ, ಮೂಲೆಗಳಲ್ಲಿ ಮೇಲಿಂದ ಕೆಳಗೆ ಬಿರುಕು ಇದೆಯಾ?
- ಮಾಳಿಗೆ ಮರದ ಕಂಬಗಳ ಮೇಲೆ ನಿಂತಿದೆಯಾ, ಬರೀ ಗೋಡೆಯ ಮೇಲೆಯಾ? ತೊಲೆಗೆ ಗೆದ್ದಲು ಹಿಡಿದಿದೆಯಾ?
- ಗೋಡೆಯಲ್ಲಿ ನೀರು ಇಂಗಿದ ಗುರುತು ಇದೆಯಾ?
- ಬಾಗಿಲು-ಕಿಟಕಿಗಳ ಮೇಲೆ ಸುತ್ತಲೂ ಕಾಂಕ್ರೀಟಿನ ಪಟ್ಟಿ ಹಾಕಿ ಬಲಪಡಿಸಿದ್ದಾರಾ?
- ರಾತ್ರಿ ಹೊರಗೆ ಓಡಬೇಕಾದರೆ ದಾರಿ ಎಷ್ಟು ದೂರ, ಹೊರಬಾಗಿಲಿಗೆ ಬೀಗ ಹಾಕುತ್ತಾರಾ, ಕೀಲಿ ಯಾರ ಹತ್ತಿರ?

ಮನೆಯವರು ಇದಕ್ಕೆ ಮುಖ ಗಂಟಿಕ್ಕುವುದು ಅಪರೂಪ. 1993ನ್ನು ಕಂಡವರು ಇಲ್ಲಿ ಮನೆಮನೆಯಲ್ಲಿದ್ದಾರೆ. ಈ ಪ್ರಶ್ನೆಯ ಬೆಲೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಗುರುತಿನ ಚೀಟಿ, ಕೋಣೆ ಇಲ್ಲ ಎಂಬ ಉತ್ತರ

ತಂಗುವವರ ಹೆಸರು-ವಿಳಾಸ ಬರೆದಿಡುವುದು, ಗುರುತಿನ ಚೀಟಿ ನೋಡುವುದು ಎಲ್ಲರಿಗೂ ಇರುವ ನಿಯಮ. ಅದಕ್ಕೆ ಬೇಜಾರಾಗುವುದು ಬೇಡ. ಆಧಾರ್ ಪ್ರತಿ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಡ್ರೈವಿಂಗ್ ಲೈಸೆನ್ಸ್, ಮತದಾರರ ಚೀಟಿಯೂ ನಡೆಯುತ್ತದೆ. ಗಲ್ಫ್‌ನಿಂದ ವಿದೇಶಿ ಸ್ನೇಹಿತರನ್ನು ಕರೆದುಕೊಂಡು ಬಂದಿದ್ದರೆ ಮನೆಯವರು 24 ಗಂಟೆಯೊಳಗೆ ಅವರ ವಿವರ ಸಲ್ಲಿಸಬೇಕು. ಪಾಸ್‌ಪೋರ್ಟ್, ವೀಸಾ ಪ್ರತಿ ಸಿದ್ಧ ಇರಲಿ.

ಹೆಸರು ನೋಡಿ ‘ಕೋಣೆ ಖಾಲಿ ಇಲ್ಲ’ ಎಂದರೆ? ಸಂವಿಧಾನದ 15(2)ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣದಿಂದಷ್ಟೇ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲ್‌ಗಳಿಗೆ ಪ್ರವೇಶ ತಡೆಯಬಾರದು ಎನ್ನುತ್ತದೆ. ಇದು ಖಾಸಗಿ ಹೋಟೆಲುಗಳಿಗೂ ಅನ್ವಯಿಸುತ್ತದೆ. ಅಲ್ಲಿ ಕೂಗಾಡಬೇಡಿ, ವೀಡಿಯೊ ಮಾಡಿ ವೈರಲ್ ಮಾಡುವ ಆತುರವೂ ಬೇಡ. ಬುಕ್ಕಿಂಗ್ ದಾಖಲೆ, ಹಣ ಕಟ್ಟಿದ ರಸೀದಿ, ಸಮಯ ಬರೆದಿಟ್ಟುಕೊಳ್ಳಿ. ಕಾರಣವನ್ನು ಮೆಸೇಜ್ ಮೂಲಕ ಕೊಡಲು ಹೇಳಿ. ಹಣ ವಾಪಸ್ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ರಾತ್ರಿ ಹೊತ್ತಾಗಿದ್ದರೆ ಮೊದಲು ಸುರಕ್ಷಿತ ಜಾಗ ಹುಡುಕಿ. ಮೂರೂ ಪಟ್ಟಣಗಳಲ್ಲಿ ಮುಸ್ಲಿಂ ಮೊಹಲ್ಲಾಗಳಿವೆ, ಮಸೀದಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ದೂರು ಬೆಳಿಗ್ಗೆ ಕೊಡಬಹುದು.

ಇದೇ ಅಳತೆ ನಮಗೂ ಅನ್ವಯಿಸುತ್ತದೆ. ನಾಳೆ ನಾವು ಹೋಂಸ್ಟೇ ತೆರೆದರೆ ಬೇರೆ ಹೆಸರಿನವರು ಬಂದಾಗ ನಮ್ಮ ಬಾಗಿಲೂ ಅಷ್ಟೇ ಅಗಲ ತೆರೆಯಬೇಕು.

ಮನೆಯನ್ನು ಹೋಂಸ್ಟೇ ಮಾಡುವವರಿಗೆ

ಕರಾವಳಿಯಲ್ಲೂ ಹಂಚಿನ ಮಾಡಿನ, ಮರದ ಮುಚ್ಚಿಗೆಯ ಹಳೆ ಬ್ಯಾರಿ ಮನೆಗಳು ಇನ್ನೂ ಇವೆ. ಮಕ್ಕಳು ಗಲ್ಫ್‌ನಲ್ಲಿ, ಮನೆಯಲ್ಲಿ ಇಬ್ಬರು ವಯಸ್ಸಾದವರು, ಆರು ಕೋಣೆಗೆ ಬೀಗ. ಕೆಡವಿ ಫ್ಲ್ಯಾಟ್ ಕಟ್ಟುವ ಮೊದಲು ಈ ದಾರಿಯನ್ನೂ ಯೋಚಿಸಬಹುದು. ಮೊದಲು ವಾರಸುದಾರರೆಲ್ಲರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಆಮೇಲೆ ಇಂಜಿನಿಯರರಿಂದ ಕಟ್ಟಡದ ತಪಾಸಣೆ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ, ಸ್ಥಳೀಯ ಪಂಚಾಯತ್ ಅಥವಾ ಪಾಲಿಕೆಯ ಪರವಾನಗಿ. ಬಾಡಿಗೆ, ಊಟದ ದರ, ಕೋಣೆ ಬಿಡುವ ಹೊತ್ತು, ಮನೆಯ ನಿಯಮ ಎಲ್ಲವನ್ನೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಗೋಡೆಗೆ ಹಾಕಿ. ಮದ್ಯಕ್ಕೆ ಅವಕಾಶ ಇಲ್ಲ ಎಂಬಂಥ ನಿಯಮ ಇದ್ದರೆ ಬುಕ್ಕಿಂಗ್ ಸಮಯದಲ್ಲೇ ಹೇಳಿ, ಬಂದ ಮೇಲೆ ಅಲ್ಲ.

ಮೆಹಮಾನ್‌ಗೂ ಗಿರಾಕಿಗೂ ವ್ಯತ್ಯಾಸ ಇದೆ ಎನ್ನುವವರಿದ್ದಾರೆ. ನಿಜ, ಒಬ್ಬನಿಂದ ಹಣ ಪಡೆಯುತ್ತೇವೆ, ಇನ್ನೊಬ್ಬನಿಂದ ಇಲ್ಲ. ಆದರೆ ಇಬ್ರಾಹಿಂ ನಬಿಯವರು ಪರಿಚಯವೇ ಇಲ್ಲದ ಅತಿಥಿಗಳನ್ನು ಕಂಡು ಸದ್ದಿಲ್ಲದೆ ಒಳಗೆ ಹೋಗಿ ಇದ್ದುದರಲ್ಲಿ ಒಳ್ಳೆಯದನ್ನೇ ತಂದು ಅವರ ಹತ್ತಿರ ಇಟ್ಟ ವೃತ್ತಾಂತದಲ್ಲಿ ಎರಡಕ್ಕೂ ಪಾಠ ಇದೆ. ಬಂದವರನ್ನು ಕಾಯಿಸಬೇಡಿ, ಮಾಡಿದ್ದನ್ನು ಹೇಳಿಕೊಳ್ಳಬೇಡಿ. ಹಣ ಪಡೆದರೂ ಈ ಎರಡನ್ನು ಪಾಲಿಸಬಹುದು.

ಹೋಗುವ ದಾರಿ, ನೋಡುವ ಜಾಗ

ಉಮರ್ಗಾ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯಲ್ಲೇ ಇದೆ. ಕಲಬುರಗಿಯಿಂದ ಆಳಂದ ಮೂಲಕ ಬಸ್ಸಿನಲ್ಲಿ ಹೋಗಬಹುದು. ಹತ್ತಿರದ ನಳದುರ್ಗದ ಕೋಟೆಯಲ್ಲಿ ಬೋರಿ ನದಿಗೆ ಕಟ್ಟಿದ ಅಣೆಕಟ್ಟಿನ ಒಳಗೇ ಪಾನೀ ಮಹಲ್ ಇದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1613ರಲ್ಲಿ ಕಟ್ಟಿದ್ದು. ನಿಲಂಗಾದಲ್ಲಿ ಚಾಲುಕ್ಯರ ಕಾಲದ ನೀಲಕಂಠೇಶ್ವರ ದೇವಸ್ಥಾನ, ಔಸಾ ತಾಲೂಕಿನಲ್ಲಿ ಖರೋಸಾ ಗುಹೆಗಳು. ಉದಗೀರಕ್ಕೆ ಬೀದರಿನಿಂದ ಭಾಲ್ಕಿ, ಕಮಲನಗರ ದಾಟಿ ರೈಲು ಇದೆ. ಅಲ್ಲಿನ ಕೋಟೆಯ ಸುತ್ತ 1760ರ ಫೆಬ್ರವರಿಯಲ್ಲಿ ಮರಾಠರಿಗೂ ನಿಜಾಮರಿಗೂ ಯುದ್ಧ ನಡೆಯಿತು. ಮರಾಠರ ತೋಪುಗಳ ಹೊಣೆ ಹೊತ್ತಿದ್ದವನು ಇಬ್ರಾಹಿಂ ಖಾನ್ ಗಾರ್ದಿ. 2022ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದೂ ಈ ಉದಗೀರದಲ್ಲೇ.

ಹೊರಡುವ ದಿನ ಬಾಕಿ ಹಣ ಕೊಟ್ಟು, ಕೋಣೆಯನ್ನು ಒಮ್ಮೆ ನೋಡಿ, ಫ್ಯಾನ್-ಲೈಟ್ ಆರಿಸಿ, ಕೀಲಿಯನ್ನು ಮನೆಯ ಹಿರಿಯರ ಕೈಗೇ ಕೊಡಿ. ಅಡುಗೆ ಮಾಡಿದವರಿಗೆ ಒಂದು ಮಾತು ಶುಕ್ರಿಯಾ ಹೇಳಿ. ಕೊರತೆ ಇದ್ದರೆ ಆ್ಯಪ್‌ನಲ್ಲಿ ಒಂದು ಸ್ಟಾರ್ ಒತ್ತುವ ಮೊದಲು ಮನೆಯವರಿಗೇ ಹೇಳಿ, ಸರಿಪಡಿಸಲು ಅವಕಾಶ ಕೊಡಿ. ಮುಂದಿನ ವಾರ ಅದೇ ಬಾಗಿಲು ತಟ್ಟುವವನು ಕರಾವಳಿಯ ಇನ್ನೊಬ್ಬ ಹುಡುಗ ಆಗಿರಬಹುದು. ‘ಮಂಗಳೂರು ಕಡೆಯವರಾ? ಬರ್ರಿ, ಒಳಗ ಬರ್ರಿ’ ಎಂದು ಅವನನ್ನು ಕರೆಯುತ್ತಾರೋ ಇಲ್ಲವೋ ಎಂಬುದು ನೀವು ಹೇಗೆ ಉಳಿದು ಬಂದಿರಿ ಎಂಬುದರ ಮೇಲೂ ನಿಂತಿರುತ್ತದೆ.